ಪೂರಕ ರೇಚಕಗಳ ಸಂಧಿಕಾಲ

ಯಂತ್ರಗಳ ವಿಚಾರವು ಗೃಹಸ್ಥರ ಪತ್ರಿಕೆಗೆ ತಕ್ಕುದಲ್ಲವೆಂದು ಕೆಲವರು ವಾಚಕರು ಭಾವಿಸಬಹುದು. ಆದರೆ ಮೋಟಾರು ಕಾರು ಈಗ ಕೊಟ್ಟಿಗೆಯ ಹಸುವಿನಂತೆ ಸಂಸಾರದ ಅಂಗವೇ ಆಗಿರುವುದರಿಂದಲೂ, ಅದರ ನಿಮಿತ್ತವಾಗಿ ತಂದೆಮಕ್ಕಳಲ್ಲಿ ವಾದಗಳು ಹುಟ್ಟುತ್ತಿರುವುದರಿಂದಲೂ, ಅಂತಹ ವಾದವೊಂದನ್ನು ಈ ತಿಂಗಳು ಕೈಗೆತ್ತಿಕೊಂಡಿದ್ದೇವೆ.

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗನು ಸ್ವಂತ ಸಂಪಾದನೆಯಿಂದ 1990ರ ದಶಕದ ಆದಿಭಾಗದ, 8 ಸಿಲಿಂಡರುಗಳ ಹಳೆಯ ಕಾರೊಂದನ್ನು ಕೊಂಡು, ಅದರ ಮೂಲದ ಕ್ಯಾಮ್‌ಶಾಫ್ಟನ್ನು ತೆಗೆದು, ಹೆಚ್ಚು ಬಲವನ್ನು ಕೊಡುವ ಬೇರೊಂದನ್ನು ತನ್ನ ಕೈಯಾರೆ ಕೂರಿಸಿದನಂತೆ. ಕಾರು ಹಾರುವಂತೆ ಓಡಿತು. ಹೊಗೆಯ ಪರೀಕ್ಷೆಯಲ್ಲಿ ಮಾತ್ರ ಅನುತ್ತೀರ್ಣವಾಯಿತು. ಇಂತಿಷ್ಟು ಹಣ ಕೊಟ್ಟರೆ ಪ್ರಮಾಣಪತ್ರವನ್ನು ಒದಗಿಸುವವರಿದ್ದಾರೆಂದು ಗೆಳೆಯನೊಬ್ಬನು ಹುಡುಗನಿಗೆ ಹೇಳಿಕೊಟ್ಟಿದ್ದಾನೆ. "ಹುಡುಗ ಕೆಟ್ಟವನಲ್ಲ ಮೇಷ್ಟ್ರೇ; ಒಂದು ವರ್ಷ ದುಡಿದ ಹಣ ಅದರಲ್ಲಿದೆ. ನಾನು ಏನು ಹೇಳಲಿ?" ಎಂಬುದು ತಂದೆಯ ಪ್ರಶ್ನೆ.

ಉತ್ತರವನ್ನು ಹೇಳುವ ಮೊದಲು ಆ ಯಂತ್ರದ ಮರ್ಮವನ್ನು ಅರಿಯತಕ್ಕದ್ದು. ಪೆಟ್ರೋಲ್ ಎಂಜಿನ್ನು ಉಸಿರಾಡುವ ಯಂತ್ರ. ಪ್ರಾಣಾಯಾಮವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಪಿಸ್ಟನ್ ಕೆಳಗಿಳಿಯುವಾಗ ಗಾಳಿಯೂ ಪೆಟ್ರೋಲೂ ಒಳಬರುವುದು ಪೂರಕ. ಮೇಲೇರುತ್ತ ಅದನ್ನು ಒತ್ತಿ ಹಿಡಿಯುವುದು ಕುಂಭಕ. ಕಿಡಿ ತಗಲಿ ಉರಿದ ಅನಿಲವು ಪಿಸ್ಟನ್ನನ್ನು ಕೆಳಕ್ಕೆ ನೂಕುವುದೇ ಯಂತ್ರದ ದುಡಿಮೆ. ಮತ್ತೆ ಮೇಲೇರುತ್ತ ಹೊಗೆಯನ್ನು ಹೊರದೂಡುವುದು ರೇಚಕ. ಒಳಬಾಗಿಲಿಗೊಂದು, ಹೊರಬಾಗಿಲಿಗೊಂದು ಕವಾಟವುಂಟು. ಈ ಕವಾಟಗಳನ್ನು ಹೊತ್ತು ಹೊತ್ತಿಗೆ ತೆರೆಯಿಸುವ ದಂಡವೇ ಕ್ಯಾಮ್‌ಶಾಫ್ಟ್. ಅದರ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವುವು. ಎಂಜಿನ್ನು 2 ಸುತ್ತು ತಿರುಗುವಷ್ಟರಲ್ಲಿ ಅದು 1 ಸುತ್ತು ತಿರುಗುವುದು. ಕವಾಟವು ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಆ ಉಬ್ಬಿನ ಆಕಾರವೇ ನಿರ್ಧರಿಸುವುದು.

ರೇಚಕವು ಮುಗಿಯುವುದಕ್ಕೆ ಮುಂಚೆಯೇ ಪೂರಕವು ಆರಂಭವಾಗುವುದುಂಟು. ಆ ಅಲ್ಪಕಾಲದಲ್ಲಿ ಎರಡು ಕವಾಟಗಳೂ ತೆರೆದಿರುವುವು. ಇದನ್ನು ನಾವು ಸಂಧಿಕಾಲವೆಂದು ಕರೆಯೋಣ. ಎಂಜಿನ್ನು ಬಹು ವೇಗವಾಗಿ ತಿರುಗುವಾಗ ದೀರ್ಘವಾದ ಸಂಧಿಕಾಲವು ಲಾಭಕರ. ಹೊರಗೆ ಧಾವಿಸುವ ಹೊಗೆಯು ತನ್ನ ರಭಸದಿಂದಲೇ ಹೊಸ ಗಾಳಿಯನ್ನು ಒಳಕ್ಕೆ ಸೆಳೆಯುವುದು. ಬಲವರ್ಧನೆಯ ಕ್ಯಾಮ್‌ಶಾಫ್ಟುಗಳು ಈ ಕಾಲವನ್ನು ಹಿಗ್ಗಿಸುವುದೂ ಇದಕ್ಕಾಗಿಯೇ. ಆದರೆ ಕಾರು ನಿಂತು ಎಂಜಿನ್ನು ಮೆಲ್ಲಗೆ ತಿರುಗುತ್ತಿರುವಾಗ ಆ ರಭಸವಿಲ್ಲ. ಆಗ ಹಳೆಯ ಹೊಗೆಯು ಹಿಂದಿರುಗಿ ಹೊಸ ಗಾಳಿಯೊಡನೆ ಬೆರೆಯುವುದು. ಕಿಡಿ ಬಿದ್ದರೂ ಕೆಲವು ಸಲ ಬೆಂಕಿ ಹತ್ತದು. ಉರಿಯದ ಪೆಟ್ರೋಲು ಹಾಗೆಯೇ ಹೊರಬೀಳುವುದು. ಯುವಕರು ಮೆಚ್ಚಿಕೊಳ್ಳುವ ಆ ಎಡವುವ ಗುಡುಗುಡು ಶಬ್ದಕ್ಕೂ ಪರೀಕ್ಷೆಯ ಸೋಲಿಗೂ ಕಾರಣ ಒಂದೇ.

ಇನ್ನೊಂದು ತೊಡಕೂ ಉಂಟು. ಹೊಗೆಯಲ್ಲಿ ಆಮ್ಲಜನಕವು ಎಷ್ಟಿದೆಯೆಂದು ಅಳೆಯುವ ಸೆನ್ಸರೊಂದು ಕಾರಿನಲ್ಲಿರುವುದು. ಬೆಂಕಿ ಹತ್ತದಿದ್ದಾಗ ಬಳಕೆಯಾಗದ ಆಮ್ಲಜನಕವು ಅಲ್ಲಿಗೆ ಬರುವುದು. ಪೆಟ್ರೋಲು ಸಾಲದೆಂದು ಕಾರಿನ ಕಂಪ್ಯೂಟರು ಭ್ರಮಿಸಿ ಇನ್ನಷ್ಟು ಸುರಿಯುವುದು. ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಾದರೋ, 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ, ತೂಕದಲ್ಲಿ, ಇದ್ದರೆ ಮಾತ್ರ ತನ್ನ ಕೆಲಸವನ್ನು ಸರಿಯಾಗಿ ಮಾಡಬಲ್ಲುದು. ಉರಿಯದ ಪೆಟ್ರೋಲು ಅದರೊಳಗೆ ಹೋಗಿ ಉರಿದರೆ ಅದು ಮಿತಿಮೀರಿ ಕಾದು ಕೆಡುವುದೂ ಉಂಟು.

ಇಷ್ಟು ಅಲ್ಪವಾದ ಹೊಗೆಗೆ ಅಷ್ಟು ಕಟ್ಟುನಿಟ್ಟೇಕೆಂದು ಕೇಳಬಹುದು. 1943ರ ಜುಲೈ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಮಬ್ಬು ಕವಿಯಿತು. ಯುದ್ಧಕಾಲವಾದುದರಿಂದ ಶತ್ರುಗಳು ವಿಷಾನಿಲವನ್ನು ಬಿಟ್ಟರೆಂದು ಕೆಲವರು ಹೆದರಿದರು. ಬಳಿಕ ಕೃತಕ ರಬ್ಬರಿಗೆ ಬೇಕಾದ ವಸ್ತುವನ್ನು ತಯಾರಿಸುವ ಕಾರ್ಖಾನೆಯೊಂದರ ಮೇಲೆ ಜನರು ತಪ್ಪು ಹೊರಿಸಿದರು. ಅದು ಕೆಲಸ ನಿಲ್ಲಿಸಿದರೂ ಮಬ್ಬು ತೊಲಗಲಿಲ್ಲ. ಅನಾನಸ್ ಹಣ್ಣಿನ ಪರಿಮಳದ ರಸಾಯನವನ್ನು ಶೋಧಿಸುತ್ತಿದ್ದ ಆರಿ ಹಾಗೆನ್-ಸ್ಮಿಟ್ ಎಂಬ ವಿದ್ವಾಂಸರು 1950ರ ದಶಕದ ಆದಿಯಲ್ಲಿ ನಿಜವನ್ನು ತೋರಿಸಿಕೊಟ್ಟರು. ಉರಿಯದ ಪೆಟ್ರೋಲಿನ ಹೈಡ್ರೊಕಾರ್ಬನ್ನುಗಳೂ ನೈಟ್ರೊಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಸೇರಿ ಓಜೋನ್ ಹುಟ್ಟುವುದು. ಸುತ್ತಲಿನ ಬೆಟ್ಟಗಳು ಅದನ್ನು ಊರಿನಲ್ಲಿಯೇ ತಡೆದಿಡುವುವು. ಕಣ್ಣೀರು ತರಿಸಿದುದು ಮನೆಮನೆಯ ಕಾರೇ ಎಂದಂತಾಯಿತು. 1967ರಲ್ಲಿ ಸ್ಥಾಪಿತವಾದ ಕ್ಯಾಲಿಫೋರ್ನಿಯದ ವಾಯುಸಂಪನ್ಮೂಲ ಮಂಡಲಿಗೆ ಅವರೇ ಮೊದಲ ಅಧ್ಯಕ್ಷರಾದರು. ಕಾರುಗಳ ಹೊಗೆಯ ಈಗಿನ ಪರೀಕ್ಷಾಕ್ರಮವು ಆ ಸಂಸ್ಥಾನದಲ್ಲಿ 1984ರಲ್ಲಿ ಆರಂಭವಾಯಿತು.

ಹಳೆಯ ಕಾರುಗಳಿಗೆ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಈ ಪರೀಕ್ಷೆ. 1975ರವರೆಗಿನ ಮಾದರಿಯ ಕಾರುಗಳಿಗೆ ವಿನಾಯಿತಿಯುಂಟು. 1976ರಿಂದ 1999ರವರೆಗಿನವನ್ನು ಜನನಿಬಿಡ ಪ್ರದೇಶಗಳಲ್ಲಿ ಉರುಳೆಗಳ ಮೇಲೆ ಗಂಟೆಗೆ 15 ಮತ್ತು 25 ಮೈಲಿಗಳ ವೇಗದಲ್ಲಿ ಓಡಿಸಿ ಹೊಗೆಯನ್ನು ಅಳೆಯುವರು. ಇದಲ್ಲದೆ, ಹೊಗೆಯ ಪ್ರಮಾಣವನ್ನು ಬದಲಿಸುವ ಭಾಗವನ್ನು ಹಾಕಿಸಿದರೆ ಅದಕ್ಕೆ ಮಂಡಲಿಯ ಆಜ್ಞಾಸಂಖ್ಯೆಯಿರಬೇಕು. ಇಲ್ಲವಾದರೆ ವಾಹನ ಸಂಹಿತೆಯ 27156ನೆಯ ಕಲಮಿಗೆ ವಿರುದ್ಧವಾಗುವುದು. ಕ್ಯಾಮ್‌ಶಾಫ್ಟು ಎಂಜಿನ್ನಿನೊಳಗೆ ಅಡಗಿರುವುದರಿಂದ ಪರೀಕ್ಷಕನ ಕಣ್ಣಿಗೆ ಕಾಣದು. ಹೊಗೆಯಾದರೋ ಅದರ ಗುಟ್ಟನ್ನು ಮುಚ್ಚಿಡದು.

ಆದಕಾರಣ ಹುಡುಗನು ಮೊದಲು ತನ್ನ ಪರೀಕ್ಷಾಪತ್ರವನ್ನು ಓದಬೇಕು. ಹೈಡ್ರೊಕಾರ್ಬನ್ ಹೆಚ್ಚಾಗಿ, ನೈಟ್ರೊಜನ್ ಆಕ್ಸೈಡು ಕಡಿಮೆಯಿದ್ದರೆ, ಬೆಂಕಿ ಸರಿಯಾಗಿ ಹತ್ತುತ್ತಿಲ್ಲವೆಂಬುದಕ್ಕೂ ದೀರ್ಘ ಸಂಧಿಕಾಲಕ್ಕೂ ಅದು ಸೂಚನೆ. ಹಿಂದಿರುಗಿದ ಹೊಗೆಯು ಉರಿಯ ತಾಪವನ್ನು ತಗ್ಗಿಸುವುದರಿಂದ ನೈಟ್ರೊಜನ್ ಆಕ್ಸೈಡು ಇಳಿಯುವುದು. ಕಾರ್ಬನ್ ಮಾನಾಕ್ಸೈಡು ಹೆಚ್ಚಿದ್ದರೆ ಪೆಟ್ರೋಲು ಅತಿಯಾಗಿದೆಯೆಂದರ್ಥ. ಬಳಿಕ ಸಣ್ಣ ದೋಷಗಳನ್ನು ಕಳೆಯಲಿ: ಸ್ಪಾರ್ಕ್ ಪ್ಲಗ್ಗು, ಅದರ ತಂತಿಗಳು, ಗಾಳಿ ಸೋರುವ ಕೊಳವೆಗಳು, ಹಳೆಯ ಸೆನ್ಸರು, ಪೆಟ್ರೋಲು ಬೆರೆತ ಹಳೆಯ ಎಣ್ಣೆ. ದಂಡವನ್ನು ಕೂರಿಸುವಾಗ ಹಲ್ಲಿನ ಚಕ್ರವು ಒಂದು ಹಲ್ಲು ತಪ್ಪಿದ್ದರೂ ಎಲ್ಲವೂ ಕೆಡುವುದರಿಂದ ಅದನ್ನೂ ನೋಡತಕ್ಕದ್ದು. ಪರೀಕ್ಷೆಗೆ ಮುಂಚೆ ಸುಮಾರು 20 ನಿಮಿಷ ಕಾರನ್ನು ಓಡಿಸಿ ಕನ್ವರ್ಟರನ್ನು ಕಾಯಿಸಿಕೊಂಡು ಹೋಗುವುದು ಯುಕ್ತ. ತಣ್ಣಗಿರುವಾಗ ಅದು ನಿರುಪಯೋಗಿ.

ಇಷ್ಟಾದರೂ ಆಗದಿದ್ದರೆ ದೋಷವು ಆಯ್ಕೆಯಲ್ಲಿಯೇ ಇದೆ. ಒಳಕವಾಟದ ಉಬ್ಬಿಗೂ ಹೊರಕವಾಟದ ಉಬ್ಬಿಗೂ ನಡುವಿನ ಕೋನವು 106 ಅಥವಾ 108 ಡಿಗ್ರಿಯಷ್ಟು ಕಿರಿದಾಗಿದ್ದರೆ ಸಂಧಿಕಾಲ ಹೆಚ್ಚು. ಉಳಿದುದೆಲ್ಲವೂ ಸಮನಾಗಿದ್ದು ಕೋನವು 112 ಅಥವಾ 114 ಡಿಗ್ರಿಯಾದರೆ ಅದು ಕಡಿಮೆ. ಇಂತಹ ಸೌಮ್ಯವಾದ, ತನ್ನ ಕಾರಿನ ಮಾದರಿಗೆ ಆಜ್ಞಾಸಂಖ್ಯೆಯನ್ನು ಪಡೆದಿರುವ ದಂಡವನ್ನೇ ಕೊಳ್ಳಬೇಕು. ಅದರಿಂದ ಬಲವು ಒಂದಿಷ್ಟು ಹೆಚ್ಚುವುದು, ಗುಡುಗು ತಗ್ಗುವುದು.

ಇನ್ನು ಗೆಳೆಯನ ಉಪಾಯ. ಬೇರೊಂದು ಒಳ್ಳೆಯ ಕಾರಿನ ಹೊಗೆಯನ್ನು ಯಂತ್ರಕ್ಕೆ ತೋರಿಸಿ, ಈ ಕಾರಿನ ಹೆಸರಿನಲ್ಲಿ ಪತ್ರವನ್ನು ಬರೆದುಕೊಡುವ ವಂಚನೆ ಅಲ್ಲಿ ನಡೆದುದುಂಟು. ಅದಕ್ಕಾಗಿ ಪರೀಕ್ಷಕರು ಪರವಾನಗಿಯನ್ನು ಕಳೆದುಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಿದುದೂ ಉಂಟು. ಹೊಸ ಕಾರುಗಳಲ್ಲಿ ಕಂಪ್ಯೂಟರಿನ ತಂತ್ರಾಂಶವನ್ನು ಬದಲಿಸಿ ಪಾರಾಗುತ್ತಿದ್ದವರಿಗೆ 2021ರ ಜುಲೈ ತಿಂಗಳಿಂದ ಆ ದಾರಿಯೂ ಮುಚ್ಚಿತು. ದಂಡದ ಭಯವನ್ನು ಹಾಗಿರಲಿ ಎನ್ನೋಣ. ಆ ಸುಳ್ಳು ಪತ್ರದಿಂದ ಎಂಜಿನ್ನಿನೊಳಗೆ ಏನೂ ಬದಲಾಗದು. ಉರಿಯದ ಪೆಟ್ರೋಲು ಮುಂದಿನ 2 ವರ್ಷವೂ ಅದೇ ಬೀದಿಯಲ್ಲಿ ಬೀಳುವುದು. ಆ ಬೀದಿಯಲ್ಲಿ ಗೂರಲು ರೋಗದ ಕೂಸಿರಬಹುದು, ವೃದ್ಧರಿರಬಹುದು. ಅವರ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ.

ನಮ್ಮ ನಾಡಿನ ವಾಚಕರಿಗೂ ಇದು ಪರದೇಶದ ಮಾತಲ್ಲ. ಇಲ್ಲಿ ಪೆಟ್ರೋಲ್ ಕಾರುಗಳಿಗೆ ಕೊಡುವ ಹೊಗೆಯ ಪ್ರಮಾಣಪತ್ರಕ್ಕೂ ಎಂಜಿನ್ನು ಮೆಲ್ಲಗೆ ತಿರುಗುವಾಗಲೇ ಕಾರ್ಬನ್ ಮಾನಾಕ್ಸೈಡನ್ನೂ ಹೈಡ್ರೊಕಾರ್ಬನ್ನನ್ನೂ ಅಳೆಯುವರು. ತಯಾರಕರು ಗೊತ್ತುಪಡಿಸಿದುದಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮೂ ವಿಧಿಸಿರುವುದು.

ಆ ತಂದೆಯವರಿಗೆ ನಾವು ಬರೆದಿರುವುದಿಷ್ಟು. ಮಗನ ಕೈಕೆಲಸವನ್ನು ಹಳಿಯಬೇಡಿರಿ. ಎಂಜಿನ್ನನ್ನು ಬಿಚ್ಚಿ ಕೂಡಿಸಬಲ್ಲವನು ದಡ್ಡನಲ್ಲ. ಲಂಚಕ್ಕೆಂದು ಎತ್ತಿಟ್ಟ ಹಣದಿಂದ ಮೊದಲು ಅನಧಿಕೃತವಾದ ಪೂರ್ವಪರೀಕ್ಷೆಯನ್ನು ಮಾಡಿಸಲಿ. ಅದರಲ್ಲಿ ತೇರ್ಗಡೆಯಾದರೂ ಈಗಿರುವ ದಂಡಕ್ಕೆ ಆಜ್ಞಾಸಂಖ್ಯೆಯಿಲ್ಲದಿದ್ದರೆ ಅದನ್ನು ಬೀದಿಯ ಕಾರಿನಲ್ಲಿ ಉಳಿಸಬಾರದು. ಮೂಲದ ಕ್ಯಾಮ್‌ಶಾಫ್ಟನ್ನು ಎಣ್ಣೆ ಸವರಿ ಜೋಪಾನಮಾಡಿದ್ದರೆ, ಅದು ಸವೆದಿಲ್ಲವೆಂದು ನೋಡಿಕೊಂಡು ಅದನ್ನೇ ಮತ್ತೆ ಕೂರಿಸಿ ಪರೀಕ್ಷೆಗೆ ಹೋಗಲಿ; ಸೌಮ್ಯವಾದುದನ್ನು ಕೊಳ್ಳುವುದಕ್ಕೆ ಬಳಿಕ ದುಡಿದರಾಯಿತು. ಹೊಸ ಗ್ಯಾಸ್ಕೆಟ್ಟುಗಳ ಖರ್ಚಿನಲ್ಲಿ ಅರ್ಧವನ್ನು ತಂದೆಯೇ ವಹಿಸಿಕೊಂಡು, ಬಿಚ್ಚುವ ದಿನ ಪಕ್ಕದಲ್ಲಿ ದೀಪ ಹಿಡಿದು ನಿಂತರೆ, ಮಗನು ಈ ಮಾತನ್ನು ಕೇಳುವನೆಂದು ನಮ್ಮ ನಂಬಿಕೆ.