ಕಳಿಸೋಕೆ ಒಂದು, ಹೋಗೋಕೆ ಮೂರು!

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಎಷ್ಟೋ ಐಟಿ ಕಂಪನಿಗಳಲ್ಲಿ ಕೆಲಸ ಬಿಡಬೇಕೆಂದರೆ 90 ದಿನ ನೋಟೀಸ್ ಕೊಡಬೇಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ನೋಡಿ: ಆರು ತಿಂಗಳು ದುಡಿದವರನ್ನು ತೆಗೆಯಲು ಸರಿಯಾದ ಕಾರಣ, ಜೊತೆಗೆ ಒಂದು ತಿಂಗಳ ನೋಟೀಸ್ ಅಥವಾ ಸಂಬಳ ಸಾಕು. ಇದ್ಯಾವ ಲೆಕ್ಕ ಸ್ವಾಮಿ?

ಹಾಗಂತ ಹೇಳದೆ ಕೇಳದೆ ಬಿಟ್ಟುಹೋದರೆ ರಿಲೀವಿಂಗ್ ಲೆಟರ್ ಸಿಗೋದು ಕಷ್ಟ. ಯಾವ ಕೆಲಸ ಯಾರಿಗೆ, ಎಷ್ಟು ದಿನದಲ್ಲಿ ಒಪ್ಪಿಸುತ್ತೀರಿ ಅಂತ ಬರೆದುಕೊಂಡೇ ಮ್ಯಾನೇಜರ್ ಹತ್ರ ಹೋಗಿ. ಉಳಿದ ದಿನಗಳಿಗೆ ರಜೆ ಹೊಂದಿಸಲು ಕೇಳಿ. ಇಲ್ಲವೇ ಆ ದಿನಗಳ ಹಣ ಕಟ್ಟುತ್ತೀರಾ ಅಂತ ಹೊಸ ಕಂಪನಿಯನ್ನು ಕೇಳಿ. ಒಪ್ಪಿದ್ದೆಲ್ಲ ಈಮೇಲ್‌ನಲ್ಲಿರಲಿ.

ನಿಜವಾದ ಚೌಕಾಸಿ ಮಾತ್ರ ಸೇರುವಾಗಲೇ ಆಗಬೇಕು. ಆಫರ್ ಲೆಟರ್‌ನಲ್ಲಿ ಸಂಬಳದ ಸಾಲಿನಷ್ಟೇ ಗಮನವಿಟ್ಟು ನೋಟೀಸಿನ ಸಾಲನ್ನೂ ಓದೋಣ... ಏನಂತೀರಿ?