ನೀರು ಕೆಟ್ಟಿಲ್ಲ, ನೀ ನೋಡಿಲ್ಲ

ಹೋದ ವರ್ಷ ಏಪ್ರಿಲ್‌ನಲ್ಲಿ ಮದುವೆಗೆ ಅಂತ ಮೂರು ದಿನ ಸೊಲ್ಲಾಪುರಕ್ಕೆ ಹೋಗಿದ್ದೆವು. ವಾಪಸ್ ಬಂದು ನೋಡಿದರೆ ನಮ್ಮ ಈಜುತೊಟ್ಟಿಯ ನೀರು ಪಾಲಕ್ ಸಾರಿನ ಬಣ್ಣಕ್ಕೆ ತಿರುಗಿತ್ತು. ತಳ ಕಾಣುತ್ತಿರಲಿಲ್ಲ. ಎಲ್ಲ ನೀರು ಹೊರಗೆ ಬಿಟ್ಟು, ತಿಕ್ಕಿ ತೊಳೆದು, ಹೊಸದಾಗಿ ತುಂಬಿಸೋಣ ಅಂತ ವಾಲ್ವಿಗೆ ಕೈ ಹಾಕಿದೆ. ಹಿಂದಿನಿಂದ ಅಪ್ಪನ ದನಿ ಬಂತು.

"ಏ ತಮ್ಮಾ, ಕೈ ತಗಿ. ನೀರು ಕೆಟ್ಟಿಲ್ಲ, ನೀ ನೋಡಿಲ್ಲ."

ಚಡಚಣದಲ್ಲಿ ಸ್ವಿಮ್ಮಿಂಗ್ ಪೂಲಾ ಅಂತ ನನ್ನ ಪುಣೆಯ ಆಫೀಸಿನ ಗೆಳೆಯರು ನಗುತ್ತಾರೆ. ನಗಲಿ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು ಟ್ಯಾಂಕರ್ ದಾರಿ ಕಾಯುವ ಊರು ನಮ್ಮದು. ತೊಟ್ಟಿ ಕಟ್ಟಿಸುವಾಗ ಕಾಕಿ ಮುಖದ ಮೇಲೇ ಕೇಳಿದ್ದಳು, "ಕುಡ್ಯಾಕ ನೀರಿಲ್ಲ, ನಿಮಗ ಮುಳುಗಾಕ ನೀರ ಬೇಕೇನೋ?" ಅಂತ.

ಆದರೆ ಕಟ್ಟಿಸಿದ್ದು ಶೋಕಿಗಲ್ಲ. ನಮ್ಮ ಕಡೆ ದ್ರಾಕ್ಷಿ, ದಾಳಿಂಬೆ, ಲಿಂಬೆ ತೋಟಗಳಲ್ಲಿ ಕೃಷಿ ಹೊಂಡ ಇರುತ್ತದೆ. ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಇಳಿಜಾರು. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಕಾಲು ನಿಲ್ಲೋದಿಲ್ಲ. ಈಜು ಬಂದವರೂ ಮೇಲೆ ಹತ್ತೋಕೆ ಆಗದೆ ಸೋತು ಮುಳುಗುತ್ತಾರೆ. ಅಣ್ಣನ ಏಳು ವರ್ಷದ ಮಗ ಒಂದು ಮಧ್ಯಾಹ್ನ ಅಲ್ಲಿ ಜಾರಿದ. ಪಕ್ಕದ ಹೊಲದವರು ಡ್ರಿಪ್ ಪೈಪು ಎಸೆದು ಎಳೆದುಕೊಂಡರು. ಅವತ್ತು ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಮರುದಿನವೇ ಹೊಂಡಕ್ಕೆ ತಂತಿ ಬೇಲಿ ಹಾಕಿಸಿದೆವು, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟೆವು. ಆದರೆ ಬಿಸಿಲಿಗೆ ಮಕ್ಕಳು ನೀರು ಹುಡುಕಿಕೊಂಡು ಹೋಗೋದನ್ನ ಬೇಲಿ ಎಷ್ಟು ದಿನ ತಡೆದೀತು? ಮನೆ ಹಿಂದೆ, ದೊಡ್ಡವರ ಕಣ್ಣೆದುರು, ಮೆಟ್ಟಿಲಿರುವ ತೊಟ್ಟಿ ಕಟ್ಟಿಸಿದೆವು. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ನೀರು. ಅಂದರೆ 22 ಸಾವಿರ ಲೀಟರಿಗೆ ಸ್ವಲ್ಪ ಮೇಲೆ. 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನಾಲ್ಕೂವರೆ.

ಆ ನಾಲ್ಕೂವರೆ ಟ್ಯಾಂಕರನ್ನೇ ನಾನು ಚೆಲ್ಲಲು ಹೊರಟಿದ್ದೆ.

ಅಪ್ಪ ಈಸು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು. "ಬಾವಿ ಕೆಟ್ಟರ ನೀರು ಚೆಲ್ಲತಿದ್ದಿವೇನು? ಹೂಳು ತಗೀತಿದ್ದಿವಿ" ಅಂದರು. ನನಗೆ ವಿಜಯಪುರದ ತಾಜ್ ಬಾವಡಿ ನೆನಪಾಯಿತು. 1620ರ ಆ ಬಾವಿಯನ್ನ ನಾನು ಸಾಲಿಯಲ್ಲಿದ್ದಾಗ ನೋಡಿದ್ದು ಕಸ ತೇಲುವ ಸ್ಥಿತಿಯಲ್ಲಿ. ಆಮೇಲೆ ಹೂಳು, ಕಸ ತೆಗೆದರು. ಬಾವಿ ಅದೇ, ನೋಡುವವರು ಬದಲಾದರು ಅಷ್ಟೇ.

ಸರಿ, ನೀರು ಬಿಡದೆ ತಿಳಿ ಮಾಡೋದು ಹೇಗೆ? ಸಂಜೆ ಬಿಸಿಲು ಇಳಿದ ಮೇಲೆ ಗೋಡೆ, ತಳ ಎಲ್ಲ ಬ್ರಷ್‌ನಿಂದ ತಿಕ್ಕಿದೆವು. 10 ಪರ್ಸೆಂಟಿನ ಲಿಕ್ವಿಡ್ ಕ್ಲೋರಿನ್ ಎರಡೂವರೆ ಲೀಟರ್ ಸುತ್ತಲೂ ಹಾಕಿ, ಪಂಪು ರಾತ್ರಿಯಿಡೀ ಓಡಿಸಿದೆವು. ಫಿಲ್ಟರ್ ಕಟ್ಟಿಕೊಂಡಾಗೆಲ್ಲ ಬ್ಯಾಕ್‌ವಾಶ್. ಮರುದಿನ ಮತ್ತೆ ಅದೇ. ಎರಡನೇ ದಿನ ಹಸಿರು ಹೋಗಿ ಬೂದಿ ಬಣ್ಣ ಬಂತು. ಅಂದರೆ ಪಾಚಿ ಸತ್ತಿತ್ತು, ನೀರಿನಲ್ಲೇ ತೇಲುತ್ತಿತ್ತು. ಆಗ ಅವ್ವ ಕೊಡದ ನೀರಿಗೆ ಹಾಕುವ ಪಟಕದ ಉಪಾಯ ಹೇಳಿದಳು. ಪಟಕ ಕರಗಿಸಿ ಹಾಕಿ, ಪಂಪು ನಿಲ್ಲಿಸಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಕೆಸರು ತಳದಲ್ಲಿ ಕೂತಿತ್ತು. ಅದನ್ನ ಮಾತ್ರ ವ್ಯಾಕ್ಯೂಮ್ ಪೈಪಿನಲ್ಲಿ ಹೊರಗೆಳೆದೆವು. ನಾಲ್ಕನೇ ದಿನಕ್ಕೆ ತಳದ ಟೈಲ್ಸ್ ಎಣಿಸುವಂತಾಯಿತು.

ತಿಳಿಯಾಯಿತು ಅಂದ ಕೂಡಲೇ ಮಕ್ಕಳನ್ನ ಇಳಿಸಬೇಡಿ. ಸಂಜೆ ಒಮ್ಮೆ, ಬೆಳಿಗ್ಗೆ ಬಿಸಿಲೇರುವ ಮುಂಚೆ ಒಮ್ಮೆ ಕ್ಲೋರಿನ್ ನೋಡಿ. ಒಂದು ರಾತ್ರಿಯಲ್ಲಿ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಕಾಣದ ಪಾಚಿ ಇನ್ನೂ ತಿನ್ನುತ್ತಿದೆ ಅಂತ ಅರ್ಥ. ಇಳಿಯದಿದ್ದರೆ ಗೆದ್ದಿರಿ. ಕ್ಲೋರಿನ್ 4ರ ಒಳಗೆ ಬಂದ ಮೇಲೆ ಈಜು.

ಈಗ ದಿನದ ರೂಢಿ ಹೇಳುತ್ತೇನೆ. ಹದಿನೈದು ನಿಮಿಷದ ಕೆಲಸ. ಬೆಳಿಗ್ಗೆ ಜಾಲರಿಯಿಂದ ಬೇವಿನ ಎಲೆ, ಹೂವು ತೆಗೆಯೋದು. ಸಂಜೆ ಟೆಸ್ಟ್ ಸ್ಟ್ರಿಪ್ ಅದ್ದೋದು: ಕ್ಲೋರಿನ್ 2ರಿಂದ 4, ಪಿಎಚ್ 7.2ರಿಂದ 7.8. ನಮ್ಮ ತೊಟ್ಟಿಗೆ 220 ಮಿಲಿ ಲಿಕ್ವಿಡ್ ಕ್ಲೋರಿನ್ ಹಾಕಿದರೆ 1 ಪಿಪಿಎಂ ಏರುತ್ತದೆ. ಅದನ್ನ ಸಂಜೆಯೇ ಹಾಕಬೇಕು, ಹಗಲು ಹಾಕಿದ್ದನ್ನ ಬಿಸಿಲೇ ತಿಂದುಬಿಡುತ್ತದೆ. ವಾರಕ್ಕೊಮ್ಮೆ ಬ್ರಷ್.

ಮೊದಲು ನಾನು ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದೆ, ಅಗ್ಗ ಅಂತ. ಅದರಲ್ಲಿ ಸುಣ್ಣ ಇದೆ. ನಮ್ಮ ಬೋರ್ ನೀರು ಮೊದಲೇ ಗಡಸು, ಬಕೆಟ್ಟಿಗೆ ಬಿಳಿ ಪದರ ಕಟ್ಟುವ ನೀರು. ಎರಡೂ ಸೇರಿ ತೊಟ್ಟಿ ಹಾಲು ಕಲಸಿದಂತೆ ಆಗುತ್ತಿತ್ತು. ಆಮೇಲೆ ಕ್ಲೋರಿನ್ ಗುಳಿಗೆಗೆ ಹೋದೆ. ಗುಳಿಗೆಯಲ್ಲಿ ಸಯನೂರಿಕ್ ಆಮ್ಲ ಇರುತ್ತದೆ. ಅದು 30ರಿಂದ 50 ಪಿಪಿಎಂ ಇದ್ದರೆ ಕ್ಲೋರಿನ್ನನ್ನ ಬಿಸಿಲಿನಿಂದ ಕಾಯುತ್ತದೆ. ಆದರೆ ಪ್ರತಿ ಗುಳಿಗೆಯೊಂದಿಗೂ ಏರುತ್ತಲೇ ಹೋಗಿ, ಕೊನೆಗೆ ಕ್ಲೋರಿನ್ನಿನ ಕೈ ಕಟ್ಟಿಹಾಕುತ್ತದೆ. ಇಳಿಸಬೇಕಂದರೆ ನೀರು ಬದಲಿಸೋದೇ ದಾರಿ. ಅದಕ್ಕೆ ಗುಳಿಗೆ ನಮಗೆ ಈಗ ಊರಿಗೆ ಹೋಗುವಾಗ ಮಾತ್ರ.

ಒಂದು ಎಚ್ಚರಿಕೆ. ಆಸಿಡ್ ಮತ್ತು ಕ್ಲೋರಿನ್ ಒಂದೇ ಮಗ್ಗಿನಲ್ಲಿ ಯಾವತ್ತೂ ಅಳೆಯಬೇಡಿ, ಒಂದೇ ಕಪಾಟಿನಲ್ಲಿ ಇಡಬೇಡಿ. ಎರಡೂ ಸೇರಿದರೆ ವಿಷಗಾಳಿ. ಬ್ಲೀಚಿಂಗ್ ಪೌಡರ್ ಮತ್ತು ಗುಳಿಗೆ ಸೇರಿದರೆ ಬೆಂಕಿಯೇ ಹತ್ತಬಹುದು. ಪಂಪಿನ ಲೈನಿಗೆ ಆರ್‌ಸಿಸಿಬಿ ಹಾಕಿಸದೆ ಮಕ್ಕಳನ್ನ ಇಳಿಸಬೇಡಿ.

ದುಡ್ಡಿನ ವಿಷಯ. ಅರ್ಧ ಎಚ್‌ಪಿ ಪಂಪು ತಾಸಿಗೆ ಸುಮಾರು ಅರ್ಧ ಯೂನಿಟ್ ಕರೆಂಟು ತಿನ್ನುತ್ತದೆ. ಮೊದಲು ದಿನಕ್ಕೆ 10 ತಾಸು ಓಡಿಸುತ್ತಿದ್ದೆ. ಪಂಪು ಮೂರು ತಾಸಿನಲ್ಲಿ ಇಡೀ ತೊಟ್ಟಿಯ ನೀರನ್ನ ಒಂದು ಸುತ್ತು ಫಿಲ್ಟರ್ ಮಾಡುತ್ತದೆ ಅಂತ ಲೆಕ್ಕ ಹಾಕಿದ ಮೇಲೆ 4 ತಾಸಿಗೆ ಇಳಿಸಿದೆ. ತಿಂಗಳಿಗೆ 150 ಯೂನಿಟ್ ಇದ್ದದ್ದು 60 ಆಯಿತು.

ಇನ್ನು ನೀರು. ಬೇಸಿಗೆಯಲ್ಲಿ ಮಟ್ಟ ದಿನಕ್ಕೆ ಒಂದು ಸೆಂಟಿಮೀಟರ್ ಇಳಿಯುತ್ತಿತ್ತು. ಸೋರಿಕೆ ಇರಬಹುದಾ ಅಂತ ಮೆಟ್ಟಿಲ ಮೇಲೆ ಬಕೆಟ್ಟಿನಲ್ಲಿ ನೀರು ತುಂಬಿಟ್ಟೆ. ಅದರ ಮಟ್ಟವೂ ಅಷ್ಟೇ ಇಳಿಯಿತು. ಸೋರಿಕೆ ಅಲ್ಲ, ಬಿಸಿಲು ಕುಡಿದದ್ದು. ಒಂದು ಸೆಂಟಿಮೀಟರ್ ಅಂದರೆ ನಮ್ಮ ತೊಟ್ಟಿಯಲ್ಲಿ 185 ಲೀಟರ್, ತಿಂಗಳಿಗೆ ಒಂದು ಟ್ಯಾಂಕರ್ ಆಕಾಶಕ್ಕೆ! ಮೇಲೆ ಶೇಡ್ ನೆಟ್, ಈಜು ಇಲ್ಲದಾಗ ಬಿಗಿಯಾಗಿ ಎಳೆದು ಕಟ್ಟಿದ ತಾಡಪತ್ರಿ ಬಂದ ಮೇಲೆ ಅದರಲ್ಲಿ ದೊಡ್ಡ ಪಾಲು ಉಳಿಯಿತು, ಕ್ಲೋರಿನ್ನೂ ಉಳಿಯಿತು. ಆದರೆ ತಾಡಪತ್ರಿ ಇದೆ ಅಂತ ಮಕ್ಕಳನ್ನ ಬಿಟ್ಟು ಹೋಗೋ ಹಾಗಿಲ್ಲ, ಗೇಟಿಗೆ ಬೀಗ ಇರಲೇಬೇಕು. ಕಡಿಮೆಯಾದಷ್ಟನ್ನ ಮಳೆಗಾಲದಲ್ಲಿ ತಾರಸಿ ನೀರಿನಿಂದ ತುಂಬುತ್ತೇವೆ. 1,000 ಚದರಡಿ ತಾರಸಿಗೆ ಒಂದು ಇಂಚು ಮಳೆ ಅಂದರೆ ಹತ್ತಿರ ಹತ್ತಿರ 2,300 ಲೀಟರ್, ಅದೂ ಮೆದು ನೀರು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ನಿಮಗೆ ಇದು ದೂರದ ಮಾತಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂದದ್ದು ನೆನಪಿರಬೇಕು. ನಿಮ್ಮ ಸೊಸೈಟಿ ಮೀಟಿಂಗಿನಲ್ಲಿ "ನೀರು ಯಾವಾಗ ಬದಲಿಸ್ತೀರಿ?" ಅಂತ ಕೇಳಬೇಡಿ. "ದಿನಾ ಟೆಸ್ಟ್ ಮಾಡೋರು ಯಾರು?" ಅಂತ ಕೇಳಿ. ಕೊಳದ ಹತ್ತಿರ ಹೋದರೆ ಮೂಗಿಗೆ ಹೊಡೆಯುವ ವಾಸನೆ ಸ್ವಚ್ಛತೆಯದಲ್ಲ. ಬೆವರು, ಮೂತ್ರದ ಜೊತೆ ಸೇರಿ ದಣಿದ ಕ್ಲೋರಿನ್ನಿನದು. ನಮ್ಮಲ್ಲಿ ಅವ್ವನ ಕಾನೂನು ಒಂದೇ: ಬಚ್ಚಲಲ್ಲಿ ಎರಡು ತಂಬಿಗೆ ನೀರು ಹಾಕಿಕೊಳ್ಳದೆ ಯಾರೂ ತೊಟ್ಟಿಗೆ ಇಳಿಯುವಂತಿಲ್ಲ.

ಈ ಬೇಸಿಗೆಗೆ ಆ ಏಳು ವರ್ಷದವ ಎಂಟಕ್ಕೆ ಬಿದ್ದಿದ್ದಾನೆ. ಬುರುಡೆ ಇಲ್ಲದೆ ಉದ್ದಕ್ಕೂ ಈಸುತ್ತಾನೆ. ಮಂಡಿ ನೋವಿನ ಅಪ್ಪ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತು ಎಣಿಸುತ್ತಾರೆ. ಮೊನ್ನೆ ಕಾಕಿ ಬಂದಳು. ತೊಟ್ಟಿಯ ನೀರನ್ನ ಸ್ವಲ್ಪ ಹೊತ್ತು ಬಗ್ಗಿ ನೋಡಿ, "ಒಂದ ವರ್ಷದ್ದ ನೀರ ಅಂತಿ, ಹೌದಾ?" ಅಂದಳು. ಹೌದು ಅಂದೆ. ಏನೂ ಅನ್ನಲಿಲ್ಲ. ಮರುದಿನ ಸಂಜೆ ತನ್ನ ಮೊಮ್ಮಗಳನ್ನ ಕರೆದುಕೊಂಡು ಬಂದು, ತಾನೇ ಬಚ್ಚಲಿಗೆ ಒಯ್ದು ಎರಡು ತಂಬಿಗೆ ನೀರು ಹಾಕಿದಳು.