ಪರಿಹಾರ ಪಹಣಿಗೆ, ಗುಳೆ ಬಿತ್ತಿದವರಿಗೆ

ಮಳೆ ಕೈಕೊಟ್ಟಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ಕೇರಿಗಳಲ್ಲಿ ಮೊದಲು ಕೇಳುವ ಮಾತು: "ಪರಿಹಾರ ಬಂತಾ?" ಅದರ ಹಿಂದೆಯೇ ಬರುವ ಮಾತು: "ಯಾರಿಗೆ ಬಂತು?" ನಾವು ಈ ಎರಡನೇ ಮಾತನ್ನೇ ಇಲ್ಲಿ ಎತ್ತುತ್ತಿದ್ದೇವೆ.

2023ರ ಬರದಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲಾಯಿತು. ರಾಜ್ಯ ಸರ್ಕಾರ ದಿಲ್ಲಿಯನ್ನು ಕೇಳಿದ್ದು 18,171 ಕೋಟಿ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಏಪ್ರಿಲ್‌ನಲ್ಲಿ ಸಿಕ್ಕಿದ್ದು ಸುಮಾರು 3,454 ಕೋಟಿ. ದಿಲ್ಲಿ-ಬೆಂಗಳೂರುಗಳ ಈ ಜಗಳ ಎಲ್ಲ ಪೇಪರುಗಳಲ್ಲೂ ಬಂತು. ಊರೊಳಗಿನ ಅನ್ಯಾಯ ಯಾವ ಪೇಪರಿನಲ್ಲೂ ಬರಲಿಲ್ಲ.

ಈ ಪರಿಹಾರಕ್ಕೆ ಬೆಳೆವಿಮೆ ಕಟ್ಟಿರಬೇಕು ಅಂತೇನಿಲ್ಲ. ಬೆಳೆ ಮೂರನೇ ಒಂದು ಪಾಲು ಹಾಳಾಗಿದ್ದರೆ ಸಾಕು. ಆ ಬರದಲ್ಲಿ ಮಳೆಯಾಶ್ರಿತ ಹೊಲಕ್ಕೆ ದರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,400. 2025ರ ನೆರೆಯಲ್ಲಿ ರಾಜ್ಯ ಸರ್ಕಾರ ಇನ್ನೊಂದು 8,500 ಸೇರಿಸಿತು. ಬೇಡ ಅನ್ನುವವರು ನಾವಲ್ಲ. ಆದರೆ ಈ ಹಣಕ್ಕೆ ಬ್ಯಾಂಕಿನ ದಾರಿ ತೋರಿಸುವುದು ಫ್ರೂಟ್ಸ್ ನಂಬರು. ಆ ನಂಬರಿಗೆ ಆಧಾರ ಪಹಣಿ. ಪಹಣಿಯಲ್ಲಿ ಹೆಸರಿಲ್ಲದವನು ಸರ್ಕಾರದ ಕಣ್ಣಿಗೆ ರೈತನೇ ಅಲ್ಲ.

ಕೋರಿಗೆ, ಲಾವಣಿಗೆ ಹೊಲ ಮಾಡುವ ನಮ್ಮಪ್ಪ ಅವ್ವಂದಿರನ್ನು ನೆನೆಸಿಕೊಳ್ಳಿ. ಬೀಜ, ಗೊಬ್ಬರದ ಸಾಲ ಅವರ ತಲೆ ಮೇಲೆ. ಒಣಗಿದ ಜೋಳ, ಮೆಕ್ಕೆಜೋಳ ಅವರದು. ಪರಿಹಾರ ಮಾತ್ರ ಪಹಣಿದಾರನ ಖಾತೆಗೆ! ಲಾವಣಿ ದುಡ್ಡು ಕೊಡೋದು ತಪ್ಪಲ್ಲ. "ವಿಮೆ ಯಾಕೆ ಮಾಡಿಸಲಿಲ್ಲ?" ಅಂತ ಕೇಳುವ ಸಾಹೇಬರಿಗೆ ನಮ್ಮ ಉತ್ತರ ಇಷ್ಟೇ: ವಿಮೆಗೂ ಪಹಣಿ ಬೇಕು, ಇಲ್ಲವೇ ಒಡೆಯನ ಕರಾರು ಬೇಕು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನು ನಿಷೇಧಿಸಿದ ಮೇಲೆ ಯಾವ ಒಡೆಯ ಕರಾರು ಬರೆದುಕೊಡುತ್ತಾನೆ? ಉಳುವವನಿಗಾಗಿ ಬಂದ ಕಾನೂನು ಇವತ್ತು ಒಡೆಯನಿಗೆ ನೆಪವಾಗಿದೆ.

ಇನ್ನು ಬಗರ್‌ಹುಕುಂ ಸಾಗುವಳಿದಾರರು. ಫಾರಂ 50, 53, 57 ಕೊಟ್ಟು ಕಾದು ಕೂತವರ ಹೊಲ ಪಹಣಿಯಲ್ಲಿ ಇನ್ನೂ ಸರ್ಕಾರದ್ದೇ. ಕೆಲವರ ಪಹಣಿಯಲ್ಲಿ ಸತ್ತ ಅಜ್ಜನ ಹೆಸರು. ಕೂಲಿಯವರಿಗಂತೂ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಕೆಲಸ ನಿಂತರೆ ಅವರಿಗೆ ಕಾಫಿ ಸೀಮೆ ಇಲ್ಲವೇ ಬೆಂಗಳೂರು. ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಮೂರು ಸಲ ಬದಲಾಯಿತು. ಗೇಯುವವನ ಹೆಸರು ಪಹಣಿಗೆ ಬರಲಿಲ್ಲ.

ಬಾಬಾಸಾಹೇಬರು 1937ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಖೋತಿ ಪದ್ಧತಿ ರದ್ದಿಗೆ ಮಸೂದೆ ತಂದದ್ದು ಯಾಕೆ? ಉಳುವವನಿಗೂ ಸರ್ಕಾರಕ್ಕೂ ನಡುವೆ ನಿಂತ ದಣಿಯನ್ನು ತೆಗೆಯಲು. ಆ ದಣಿ ಈಗ ಕಂಪ್ಯೂಟರಿನೊಳಗೆ ಕೂತಿದ್ದಾನೆ. ಪಕ್ಕದ ಆಂಧ್ರ 2019ರಲ್ಲಿ ಕಾಯ್ದೆ ಮಾಡಿ ಗೇಣಿದಾರನಿಗೆ 11 ತಿಂಗಳ ಸಾಗುವಳಿ ಕಾರ್ಡು ಕೊಡಲು ಮುಂದಾಯಿತು. ಅದಕ್ಕೂ ಒಡೆಯನ ಒಪ್ಪಿಗೆ ಬೇಕೆಂದು ಬರೆದದ್ದೇ ಅದರ ಊನ. ನಮಗೆ ಆ ಊನವಿಲ್ಲದ ಕಾಯ್ದೆ ಬೇಕು.

ನಮ್ಮ ಬೇಡಿಕೆಗಳು: ಬೆಳೆ ಸಮೀಕ್ಷೆಯಲ್ಲಿ ಬಿತ್ತಿದವರ ಹೆಸರು ಬರೆಯಬೇಕು. ಪರಿಹಾರ ಅವರ ಖಾತೆಗೇ ಬರಬೇಕು. ಬೆಳೆ ಹೋದ ವರ್ಷ ಲಾವಣಿ ವಸೂಲಿ ನಿಲ್ಲಬೇಕು. ಬಗರ್‌ಹುಕುಂ ಅರ್ಜಿಗಳು ಇತ್ಯರ್ಥವಾಗಬೇಕು. ಕೂಲಿ ಹೋದವರಿಗೂ ಪರಿಹಾರ ಸಿಗಬೇಕು.

ಹಾಸ್ಟೆಲಿನ ಗೆಳೆಯರೇ, ಫಾರಂ ಓದಲು ಬರುವವರು ಇವತ್ತು ನಮ್ಮ ಕೇರಿಯಲ್ಲಿ ನೀವೇ. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗಿ. ಯಾರ ಹೊಲ, ಬಿತ್ತಿದವರು ಯಾರು, ಪರಿಹಾರ ಯಾರಿಗೆ ಬಂತು, ಬರೆದುಕೊಳ್ಳಿ. ಅಜ್ಜನ ಹೆಸರಿನ ಖಾತೆಗೆ ಪೌತಿ ಅರ್ಜಿ ಬರೆದುಕೊಡಿ. ಆ ಪಟ್ಟಿಗಳನ್ನೆಲ್ಲ ಸೇರಿಸಿ ತಹಶೀಲ್ದಾರರ ಮುಂದೆ ಇಡೋಣ. ಒಬ್ಬೊಬ್ಬರೇ ಹೋದರೆ "ನಾಳೆ ಬಾ" ಅಂತಾರೆ. ಐದು ತಾಲೂಕಿನ ಕೇರಿಗಳು ಒಟ್ಟಿಗೆ ಹೋದರೆ ಹಾಗೆ ಅನ್ನಲು ಆಗುವುದಿಲ್ಲ.

ಜೈ ಭೀಮ್.